ಆ ಆರು ಪೆಟ್ಟಿಗೆ ಇಲ್ಲಿಗೆ ಕಳಿಸಬೇಡ

ಮದಿಹಾಳ, ಧಾರವಾಡ
ಗಣಪತಿ ಕಳಿಸಿದ ಮರುವಾರ

ಚಿ. ಸೌ. ಮಗಳಿಗೆ ಅವ್ವ ಮಾಡುವ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಆರಾಮ ಇದ್ದೇವೆ. ಮಳೆಯ ತಂಪಿಗೆ ಅಪ್ಪನ ಮೊಣಕಾಲು ಸ್ವಲ್ಪ ಹಿಡಿದುಕೊಂಡಿದೆ, ಅಷ್ಟೆ. ನಿನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಆಗಲೇ ಏನೂ ಹೇಳಲಿಲ್ಲ. "ಅವ್ವಾ, ಹೊಸಾ ಮನಿ ಸಣ್ಣದೈತಿ, ಆರು ಪೆಟ್ಟಿಗಿ ಸಾಮಾನು ಧಾರವಾಡಕ್ಕ ಕಳಸ್ತೀನಿ, ಮ್ಯಾಲಿನ ಖೋಲಿ ಖಾಲೀನ ಐತೆಲ್ಲಾ" ಅಂದೆ. ಫೋನಿನಲ್ಲಿ ಬೇಡ ಅಂದರೆ ನಿನಗೆ ಬೇಜಾರಾಗುತ್ತದೆ, ನನಗೂ ಮಾತು ಸರಿಯಾಗಿ ಹೊಂದುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಕಳಿಸಬೇಡ ತಂಗಿ. ಜಾಗ ಇಲ್ಲ ಅಂತಲ್ಲ, ಈಗ ಬೇಕಾದಷ್ಟಿದೆ. ಆ ಜಾಗ ಹೇಗೆ ಆಯಿತು ಅಂತ ಹೇಳಿದರೆ ಯಾಕೆ ಬೇಡ ಅಂದೆ ಅನ್ನುವುದು ನಿನಗೇ ತಿಳಿದೀತು.

ಶ್ರಾವಣದ ಮಳೆಗೆ ಮೇಲಿನ ಖೋಲಿಯ ನಾಲ್ಕು ಹೆಂಚು ಸರಿದು ಸೋರತೊಡಗಿತು. ಹೆಂಚು ಹೊದಿಸುವವರು ಬಂದು ನೋಡಿ, "ಅಕ್ಕಾರ, ಮೊದಲ ಸಾಮಾನು ಇಳಸ್ರಿ, ಆಮ್ಯಾಲ ನಾವು ಹತ್ತತೀವಿ" ಅಂದರು. ಇಳಿಸಲು ಎರಡು ದಿನ ಹಿಡಿಯಿತು. ಪಡಸಾಲೆ ತುಂಬಿ ಹೊರಗಿನ ಕಟ್ಟೆಗೂ ಬಂತು. ಹೆಣಿಕೆ ಹರಿದ ಕುರ್ಚಿ, ಹಿಡಿಕೆ ಹೋದ ಕುಕ್ಕರ್, ನಿನ್ನ ಮೂರು ಶಾಲೆಚೀಲ, ಆಯೇರಿಯಲ್ಲಿ ಉಡುಗೊರೆಯಾಗಿ ಬಂದು ಚೀಟಿ ಕೂಡ ಕೀಳದ ಸ್ಟೀಲಿನ ಭಾಂಡೆಗಳು. ಅದರಲ್ಲಿ ಮುಕ್ಕಾಲು ಪಾಲನ್ನು ಮೇಲೆ ಹತ್ತಿಸಿದವಳು ನಾನೇ. ಹತ್ತಿಸುವಾಗ ಪ್ರತಿಸಲವೂ ಆಡಿದ್ದು ಒಂದೇ ಮಾತು, "ಇರಲಿ, ಯಾವಾಗರೆ ಬೇಕಾದೀತು."

ತಳದಲ್ಲಿ ನನ್ನ ಮದುವೆಯ ಟ್ರಂಕು ಇತ್ತು. ಅದರೊಳಗೆ ಚಂದ್ರಕಾಳಿ ಸೀರೆ. 1984ರಲ್ಲಿ ನಿಮ್ಮಜ್ಜಿ ನನಗೆ ಉಡಿಸಿದ್ದು. ಕಪ್ಪು ರೇಷ್ಮೆ, ಮೈತುಂಬ ಕಸೂತಿ, ತೇರು, ಗೋಪುರ, ಆನೆ, ತುಳಸಿಕಟ್ಟೆ. ಗಂಟು ಹಾಕದೆ, ಹಿಂದೂ ಮುಂದೂ ಒಂದೇ ಸಮ ಕಾಣುವ ಗವಂತಿ ಹೊಲಿಗೆ. ನಾನು ಅದನ್ನು ಉಟ್ಟಿದ್ದು ಎರಡೇ ಸಲ. ಆಮೇಲೆ ನಿನ್ನ ಮದುವೆಗೆ ಆದೀತು ಅಂತ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ನಾಲ್ಕು ನುಸಿಗುಳಿಗೆ ಹಾಕಿ, ಕೀಲಿ ಹಾಕಿದ್ದೆ. ನಿನ್ನ ಮದುವೆಯಲ್ಲಿ ನೀನು ಕಂಚಿ ಸೀರೆ ಉಟ್ಟೆ. ಅದು ನಿನ್ನ ತಪ್ಪಲ್ಲ, ಈ ಸೀರೆ ಬೇಕೇನು ಅಂತ ನಿನ್ನನ್ನು ನಾನು ಕೇಳಿಯೇ ಇರಲಿಲ್ಲ.

ಕಟ್ಟೆಯ ಮೇಲೆ ಕೂತು ಒಂದು ಮಡಿಕೆ ಬಿಚ್ಚಿದೆ. ಟರ್ ಅಂತು. ಎರಡನೇ ಮಡಿಕೆಯನ್ನು ಇನ್ನೂ ಮೆಲ್ಲಗೆ ಬಿಚ್ಚಿದೆ, ಅದೂ ಹಾಗೇ ಸೀಳಿತು. ಜಗ್ಗಲಿಲ್ಲ, ಎತ್ತಲಿಲ್ಲ, ತನ್ನ ಭಾರಕ್ಕೆ ತಾನೇ ಹೋಯಿತು. ಒಂದು ತೇರು ನಡುವೆ ಸೀಳಿ ಅರ್ಧ ಈ ಕಡೆ, ಅರ್ಧ ಆ ಕಡೆ ಉಳಿಯಿತು. ಕಸೂತಿಯ ದಾರ ಎಲ್ಲೂ ಹರಿದಿರಲಿಲ್ಲ, ಬಟ್ಟೆ ಮಾತ್ರ ಹೋಗಿತ್ತು. ಕಸೂತಿ ಹಾಕುವ ಒಬ್ಬ ಹಿರಿಯರಿಗೆ ತೋರಿಸಿದೆ. ರೇಷ್ಮೆಯನ್ನು ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟರೆ ಆ ಗೆರೆಯ ಮೇಲೇ ಎಳೆ ಸಾಯುತ್ತವೆ, ಪ್ಲಾಸ್ಟಿಕ್ಕಿನೊಳಗೆ ಹಸಿ ಕೂತು ಇನ್ನಷ್ಟು ಕೆಡಿಸುತ್ತದೆ ಅಂದರು. ಬಿಳಿ ಹತ್ತಿ ಅರಿವೆಯಲ್ಲಿ ಸುತ್ತಿ, ಎರಡು ಮೂರು ತಿಂಗಳಿಗೊಮ್ಮೆ ಗಾಳಿಗೆ ಹಾಕಿ, ಮಡಿಕೆ ಬದಲಿಸಬೇಕಿತ್ತಂತೆ. ಕೊನೆಗೆ ಅವರು, "ಉಟ್ಟಿದ್ರ ಉಳೀತಿತ್ತು ನೋಡ್ರಿ" ಅಂದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ನಲವತ್ತು ವರ್ಷ ಜೋಪಾನ ಮಾಡಿದೆ ಅಂದುಕೊಂಡಿದ್ದೆ, ಅದನ್ನು ಕೆಡಿಸಿದವಳು ನಾನೇ.

ಇನ್ನೊಂದು ಮಾತು ನಿನಗೆ ಎಂದೂ ಹೇಳಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭಾ ಉಕ್ಕಿ ನರಗುಂದ ತಾಲೂಕಿನ ಕೊಣ್ಣೂರಿಗೆಲ್ಲ ನೀರು ನುಗ್ಗಿದ್ದು ನಿನಗೆ ನೆನಪಿರಬೇಕು. ನಮ್ಮ ಓಣಿಯವರೆಲ್ಲ ಕೂಡಿ ಅರಿವೆ, ಹಾಸಿಗೆ, ಕಾಳುಕಡಿ ಸೇರಿಸಿ ಟೆಂಪೋ ಮಾಡಿಕೊಂಡು ಆ ಕಡೆ ಹೋದೆವು. ನಾನೂ ನಾಲ್ಕು ಚೀಲ ಕಟ್ಟಿದ್ದೆ. ಒಂದು ಗಂಜಿ ಕೇಂದ್ರದ ಅಂಗಳದಲ್ಲಿ ತಾಡಪತ್ರಿ ಹಾಸಿ ಎಲ್ಲ ಸುರಿದರು. ನನ್ನ ವಯಸ್ಸಿನ ಒಬ್ಬಾಕೆ ಬಂದು ಕುಕ್ಕರಗಾಲಿನಲ್ಲಿ ಕೂತು ಒಂದು ಜಂಪರ್ ಎತ್ತಿಕೊಂಡಳು. ಅದು ನನ್ನದು. ಹುಕ್ಕಿನಲ್ಲಿ ಒಂದೂ ಉಳಿದಿರಲಿಲ್ಲ, ಕಂಕುಳಲ್ಲಿ ಹರಿದಿತ್ತು. ಆಕೆ ಅದನ್ನು ತಿರುಗಿಸಿ ನೋಡಿ, ಸರಿಯಾಗಿ ಮಡಚಿ, ಎಲ್ಲಿಂದ ಎತ್ತಿದ್ದಳೋ ಅಲ್ಲೇ ಇಟ್ಟಳು. ಮೈಮೇಲಿನ ಸೀರೆಯ ಹೊರತು ಏನೂ ಉಳಿದಿರದ ಹೆಣ್ಣುಮಗಳು. ಬೀಸಾಡಿ ಬೈದಿದ್ದರೆ ನನಗೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ. ಅದೇ ಹೊತ್ತಿಗೆ ನನ್ನ ಟ್ರಂಕಿನಲ್ಲಿ ಮಡಿಕೆ ಬಿಚ್ಚದ ಒಂಬತ್ತು ಸೀರೆ ಇದ್ದವು.

ಚಲೋದನ್ನು ಇಟ್ಟುಕೊಂಡೆ, ಕೆಟ್ಟದ್ದನ್ನು ಕೊಟ್ಟೆ. ಇಟ್ಟುಕೊಂಡ ಚಲೋದು ಟ್ರಂಕಿನಲ್ಲೇ ಕೆಟ್ಟಿತು. ಹೇಳಬೇಕಾದದ್ದು ಇಷ್ಟೇ ನನ್ನ ಮಗಳೆ. ವಸ್ತುವನ್ನು ಕೊಡುವುದಾದರೆ ಅದರಲ್ಲಿ ಇನ್ನೂ ಬಾಳಿಕೆ ಇರುವಾಗಲೇ ಕೊಡಬೇಕು. ನೀನು ಕಳಿಸುವ ಪೆಟ್ಟಿಗೆಯಲ್ಲಿ ಇರುವುದೆಲ್ಲ ಇವತ್ತಿಗೆ ಚಲೋದೇ. ಇಲ್ಲಿ ಹತ್ತು ವರ್ಷ ಮೇಲಿನ ಖೋಲಿಯಲ್ಲಿ ಕೂತರೆ ಅದೂ ನನ್ನ ಜಂಪರ್ ಆಗುತ್ತದೆ.

ಈ ಸಲ ಆ ಒಂಬತ್ತು ಸೀರೆಯಲ್ಲಿ ಇನ್ನೂ ಗಟ್ಟಿಯಾಗಿದ್ದ ಐದನ್ನು ಹೊರಗೆ ತೆಗೆದೆ. ಎರಡನ್ನು ಉಡತೊಡಗಿದ್ದೇನೆ, ವಾರದ ಸಂತೆಗೂ ಇಳಕಲ್ಲನ್ನೇ ಉಟ್ಟು ಹೋಗುತ್ತೇನೆ. ಮೂರನ್ನು ಹೊಸದಿದ್ದ ಹಾಗೇ ಕೊಟ್ಟೆ. ಅಜ್ಜಿಯ ಹಳೆ ನೂಲಿನ ಸೀರೆಗಳು ಹರಿದಿದ್ದರೂ ಮೆತ್ತಗಿದ್ದವು. ಕೌದಿ ಹೊಲಿಯುವ ಹೆಣ್ಣುಮಕ್ಕಳನ್ನು ಕರೆಸಿ ಎರಡು ಕೌದಿ ಹೊಲಿಸಿದೆ. ಹತ್ತಿರ ಹತ್ತಿರ ಹೊಲಿಗೆ, ಅಂಚಿಗೆಲ್ಲ ಕೆಂಪು ಪಟ್ಟಿ. ಒಂದು ನಿನಗೆ. ಅದನ್ನು ದಯವಿಟ್ಟು ಕಪಾಟಿನಲ್ಲಿ ಇಡಬೇಡ, ಹೊದೆದುಕೋ, ತೊಳೆ, ಕೂಸು ಅದರ ಮೇಲೆ ಹಾಲು ಚೆಲ್ಲಲಿ.

ಕುಬಸದ ಖಣಗಳ ಗಂಟು ಬೇರೆ. ಉಡಿ ತುಂಬಿದಾಗ ಬಂದವು, ಎಣಿಸಿದರೆ ಅರವತ್ಮೂರು. ಯಾರೂ ಹೊಲಿಸಿಕೊಳ್ಳುವುದಿಲ್ಲ, ಎಲ್ಲರೂ ಮುಂದಿನವರ ಉಡಿಗೆ ಹಾಕುತ್ತಾರೆ. ಒಂದು ಖಣವಂತೂ ನಾನೇ ಹಿಂದೆ ಕೊಟ್ಟಿದ್ದು, ಊರೆಲ್ಲ ತಿರುಗಿ ನನ್ನ ಉಡಿಗೇ ಬಂದಿತ್ತು. ಹೊಲಿಗೆ ಕಲಿಯುವ ಹುಡುಗಿಯರಿಗೆ ಕತ್ತರಿಸಿ ರೂಢಿ ಮಾಡಲು ಅಷ್ಟನ್ನೂ ಕೊಟ್ಟುಬಿಟ್ಟೆ. ಇನ್ನು ಮೇಲೆ ನಮ್ಮ ಮನೆಯಲ್ಲಿ ಉಡಿ ತುಂಬಿದರೆ ಅಕ್ಕಿ, ಕೊಬ್ಬರಿ, ಬಾಳೆಹಣ್ಣು, ಹೂವು. ಯಾರಾದರೂ ಏನಾದರೂ ಅಂದುಕೊಳ್ಳಲಿ. ತಿಂದರೆ ಮೈಗೆ ಹತ್ತುವಂಥದು ಉಡಿಗೆ ಬಿದ್ದರೆ ದೇವಿ ಸಿಟ್ಟಾಗಲಾರಳು.

ಅಪ್ಪನಿಗೆ ಕಷ್ಟವಾದದ್ದು ಕಸ್ತೂರಿ ಸಂಚಿಕೆಗಳು. 1956ರಲ್ಲಿ ಹುಬ್ಬಳ್ಳಿಯಲ್ಲಿ ಆ ಮಾಸಪತ್ರಿಕೆ ಶುರುವಾದಾಗಿನಿಂದ ನಿಮ್ಮಜ್ಜ ತರಿಸುತ್ತಿದ್ದರು, ಆಮೇಲೆ ಅಪ್ಪ. ಕೆಳಗಿನ ಸಾಲನ್ನು ಗೆದ್ದಲು ತಿಂದು ಮಣ್ಣು ಮಾಡಿತ್ತು. ಅಪ್ಪ ಎರಡು ದಿನ ಪಡಸಾಲೆಯಲ್ಲಿ ಅವುಗಳ ನಡುವೆ ಕೂತರು. ನಾನು ಅವಸರ ಮಾಡಲಿಲ್ಲ. ಅವರ ವಸ್ತುವಿನ ನಿರ್ಧಾರ ಅವರದೇ, ನೀನೂ ಅಳಿಯಂದಿರ ಸಾಮಾನಿಗೆ ಕೇಳದೆ ಕೈ ಹಾಕಬೇಡ. ಮೂರನೇ ದಿನ ಅವರೇ ಎದ್ದು ಎರಡು ಗ್ರಂಥಾಲಯಗಳಿಗೆ ಫೋನು ಮಾಡಿ ಯಾವ ವರ್ಷದವು ನಿಮ್ಮಲ್ಲಿಲ್ಲ ಅಂತ ಕೇಳಿದರು. ಹಾಗೆ ಕೇಳಿಯೇ ಕೊಡಬೇಕು. ಕೇಳದೆ ಹೊತ್ತೊಯ್ದರೆ ಅವರ ಕಪಾಟಿಗೂ ಅದು ಭಾರವೇ. ಬೇಕಾದವು ಹೋದವು, ಉಳಿದವು ರದ್ದಿಗೆ. 1957ರ ಹನ್ನೊಂದು ಸಂಚಿಕೆ ಮಾತ್ರ ಅಪ್ಪ ಇಟ್ಟುಕೊಂಡಿದ್ದಾರೆ, ಅವರು ಹುಟ್ಟಿದ ವರ್ಷದವು. ದಿನಾ ಚಹಾದ ಹೊತ್ತಿಗೆ ಒಂದೆರಡು ಪುಟ ನನಗೆ ಓದಿ ಹೇಳುತ್ತಾರೆ. ಇಷ್ಟು ವರ್ಷ ಅವು ಮೇಲೆ ಇದ್ದವು, ಒಂದು ದಿನವೂ ಓದಿರಲಿಲ್ಲ.

ಕಾಗದಪತ್ರದ ಕೆಲಸ ಬೇಗ ಮುಗಿಯಿತು. ಮನೆಯ ಉತಾರ, ಖರೀದಿ ಪತ್ರ, ಅಜ್ಜನ ಕಾಲದಲ್ಲಿ ಆಸ್ತಿ ಪಾಲಾದ ವಾಟ್ನಿ ಪತ್ರ, ವಿಮೆ, ಪಿಂಚಣಿಯ ಕಾಗದ ಒಂದು ಫೈಲಿಗೆ ಸೇರಿಸಿದ್ದೇವೆ, ದೇವರ ಖೋಲಿಯ ಕಪಾಟಿನಲ್ಲಿದೆ, ನೆನಪಿಡು. ಕರೆಂಟ್ ಬಿಲ್ಲುಗಳು ಮಾತ್ರ ಕೆ.ಇ.ಬಿ. ಇದ್ದಾಗಿನಿಂದ ಹೆಸ್ಕಾಂ ಬಂದ ಮೇಲಿನವರೆಗೂ ತಂತಿಗೆ ಪೋಣಿಸಿಟ್ಟಿದ್ದವು, ಅವನ್ನೆಲ್ಲ ಹರಿದು ಹಾಕಿದೆವು. ಹಳೆ ಟಿ.ವಿ., ಕೆಟ್ಟ ಮೊಬೈಲು ಇಂಥವನ್ನು ಬೀದಿ ಗುಜರಿಯವರಿಗೆ ಕೊಡಬೇಡ. ತಾಮ್ರಕ್ಕಾಗಿ ವೈರು ಸುಡುತ್ತಾರೆ, ಆ ಹೊಗೆ ಅವರ ಮಕ್ಕಳೇ ಕುಡಿಯಬೇಕು. ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆಗೇ ಮುಟ್ಟಿಸು.

ಬಚ್ಚಲಿನ ತಾಮ್ರದ ಹಂಡೆ ಹೋಯಿತು. ನೀರು ತುಂಬುವ ಹಬ್ಬಕ್ಕೆ ಅದಕ್ಕೆ ಸುಣ್ಣ ಕೆಮ್ಮಣ್ಣಿನ ಗೆರೆ ಎಳೆಯುವುದು ನಿನ್ನ ಕೆಲಸವಾಗಿತ್ತು. ಗೀಜರ್ ಬಂದ ಮೇಲೆ ಅದರಲ್ಲಿ ಈರುಳ್ಳಿ ತುಂಬಿಟ್ಟಿದ್ದೆ. ತೂಕಕ್ಕೆ ಕೊಡಲು ಮನಸ್ಸು ಬರಲಿಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿ ಹೆಬ್ಬಳ್ಳಿಯ ನಿನ್ನ ಸೋದರಮಾವನ ಮನೆಗೆ ಕಳಿಸಿದೆ. ಅಲ್ಲಿ ಬಚ್ಚಲೊಲೆ ಇನ್ನೂ ಉರಿಯುತ್ತದೆ.

ಈಗ ನಿನ್ನ ಪೆಟ್ಟಿಗೆಗಳು. ಕಟ್ಟುವ ಮೊದಲು ಒಂದೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು, ಇದು ಯಾರ ಮನೆಯಲ್ಲಿ ನಾಳೆಯೇ ಕೆಲಸಕ್ಕೆ ಬಂದೀತು ಅಂತ ಯೋಚಿಸು. ಹೆಸರು ಹೊಳೆದರೆ ಅವರನ್ನು ಕೇಳು, ಹೂಂ ಅಂದರೆ ಅವತ್ತೇ ಕೊಡು. ಕೂಸಿನ ಅಂಗಿಗಳನ್ನಂತೂ ಇಡಲೇಬೇಡ. ಹುಟ್ಟಿದ ಕೂಸಿಗೆ ಮೊದಲು ಹಳೆ ಅರಿವೆ ಹಾಕುವ ರೂಢಿ ನಮ್ಮದು, ತೊಳೆದು ತೊಳೆದು ಮೆತ್ತಗಾದದ್ದು ಅದರ ಮೈಗೆ ಒಳ್ಳೆಯದು. ಆದರೆ ಕೂಸಿನ ಗೊಂಬೆಗಳನ್ನು ಅದು ಮಲಗಿದಾಗ ಎತ್ತಿ ಕೊಡಬೇಡ, ಎಬ್ಬಿಸಿ ಕೇಳು. ನಿನ್ನ ಮರದ ಕುದುರೆಯನ್ನು ನಾನು ಹಾಗೆ ಕೊಟ್ಟಿದ್ದೆ, ವಾರಗಟ್ಟಲೆ ಹುಡುಕಿದೆ ನೀನು. ಅದು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಇದೆಲ್ಲ ಆದ ಮೇಲೂ ಬಿಡಲಾರದ್ದು ಏನಾದರೂ ಉಳಿದರೆ ಬಿಡಬೇಡ. ನಿನ್ನ ಕಣ್ಣೆದುರಿಗೆ, ನಿನ್ನ ಮನೆಯಲ್ಲೇ ಇಟ್ಟುಕೋ.

ಚಂದ್ರಕಾಳಿಯಲ್ಲಿ ಸೀಳದೆ ಉಳಿದ ಎರಡು ತೇರು, ಒಂದು ತುಳಸಿಕಟ್ಟೆಯನ್ನು ಕತ್ತರಿಸಿ, ಗಟ್ಟಿ ಅರಿವೆಗೆ ಹೊಲಿಸಿ ಕೈಚೀಲ ಮಾಡಿಸಿದ್ದೇನೆ. ಒಂದು ನನಗೆ, ಒಂದು ನಿನಗೆ. ನಾನು ನನ್ನದರಲ್ಲಿ ಕಾಯಿಪಲ್ಲೆ ತರುತ್ತೇನೆ.

ಒಂದನ್ನು ಮಾತ್ರ ನಿನ್ನನ್ನು ಕೇಳದೆ ಏನೂ ಮಾಡಿಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲು. ನೀನೂ ಮಲಗಿದ್ದು ಅದರಲ್ಲಿ, ನಿನ್ನ ಕೂಸೂ ಮಲಗಿದ್ದು ಅದರಲ್ಲಿ. ಅರಗಿನ ಬಣ್ಣ ಇನ್ನೂ ಕೆಂಪಗೇ ಇದೆ, ತೇಗಿನ ಮರಕ್ಕೆ ಹುಳ ಹತ್ತಿಲ್ಲ. ನಮ್ಮ ಓಣಿಯ ಕೊನೆಯ ಮನೆಯಲ್ಲಿ ಮೂರು ದಿನದ ಹಿಂದೆ ಹೆಣ್ಣು ಕೂಸು ಹುಟ್ಟಿದೆ. ಅದರ ಅಜ್ಜಿ ನಿನ್ನೆ ಸಂಜೆ ಬಂದು ಕಟ್ಟೆಯ ಮೇಲೆ ಬಹಳ ಹೊತ್ತು ಕೂತು, ಹೊರಡುವಾಗ ತೊಟ್ಟಿಲ ಮಾತು ಎತ್ತಿದಳು. ಮಗಳನ್ನು ಕೇಳಿ ಹೇಳುತ್ತೇನೆ ಅಂದಿದ್ದೇನೆ. ಹೆಸರಿಡುವುದು ಬರುವ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ. ಈ ಪತ್ರ ಮುಟ್ಟಿದ ಕೂಡಲೇ ಫೋನು ಮಾಡು. ಬೇಡ ಅನ್ನುವುದಾದರೆ ಸಂಕೋಚ ಮಾಡದೆ ಬೇಡ ಅನ್ನು, ಅವರಿಗೆ ಬೇರೆ ಏರ್ಪಾಡು ಮಾಡಿಕೊಳ್ಳಲು ಹೊತ್ತು ಸಿಗಲಿ. ಹೂಂ ಅನ್ನುವುದಾದರೂ ಬೇಗ ಹೇಳು. ಸರಪಳಿಯನ್ನು ತಿಕ್ಕಿ ಬಿಸಿಲಿಗೆ ಇಟ್ಟಿದ್ದೇನೆ.

ಇಂತಿ ನಿನ್ನ
ಅವ್ವ