ಶಂಖಪುಷ್ಪದ ಬೀಜ: ಭಾನುವಾರ ಹಂಚಿಕೆ

ತಾರಸಿ ತೋಟದ ಬಳಗಕ್ಕೆ ನಮಸ್ಕಾರ.

ಹೋದ ವರ್ಷ ನಮ್ಮ ಕಾಂಪೌಂಡ್ ಗೋಡೆಯನ್ನೇ ಮುಚ್ಚಿದ್ದ ನೀಲಿ ಶಂಖಪುಷ್ಪದ ಬೀಜ ಕೇಳಿದವರು ಬಹಳ. ಬರುವ ಭಾನುವಾರ ಬೆಳಿಗ್ಗೆ 8ರಿಂದ 9ರವರೆಗೆ ವಿಜಯಪುರದ ಜಲನಗರದಲ್ಲಿರುವ ನಮ್ಮ ಮನೆಯಲ್ಲಿ ಹಂಚುತ್ತೇನೆ. ಮನೆಗೆ 8 ಬೀಜ ಮಾತ್ರ. ಒಂದೊಂದು ಬಳ್ಳಿಯೂ ಹತ್ತಡಿ ಏರುತ್ತದೆ, ಅಷ್ಟು ಸಾಕು.

ಕಳೆದ ಸಲ ಒಯ್ದವರಲ್ಲಿ ಅರ್ಧ ಜನ "ಬೀಜ ಹುಟ್ಟಲೇ ಇಲ್ಲ" ಎಂದು ನನ್ನನ್ನು ದೂರಿದರು. ತಪ್ಪು ಬೀಜದ್ದಲ್ಲ. ಇದರ ಸಿಪ್ಪೆ ಬಲು ಗಟ್ಟಿ, ನೀರು ಸುಲಭಕ್ಕೆ ಒಳಗಿಳಿಯುವುದಿಲ್ಲ. ಬೀಜದ ಒಂದು ಬದಿಯನ್ನು ಬಡಗಿಯ ಪಾಲಿಶ್ ಪೇಪರ್ ಮೇಲೆ ನಾಲ್ಕೈದು ಸಲ ತಿಕ್ಕಿ; ಹೊಳಪು ಹೋಗಿ ತಿಳಿ ಬಣ್ಣದ ಚುಕ್ಕೆ ಕಂಡರೆ ನಿಲ್ಲಿಸಿ. ರಾತ್ರಿಯಿಡೀ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ. ಬೆಳಿಗ್ಗೆ ಉಬ್ಬಿದವನ್ನು ಅರ್ಧ ಇಂಚು ಆಳಕ್ಕೆ ಊರಿ, ಉಬ್ಬದವನ್ನು ಮತ್ತೆ ತಿಕ್ಕಿ. ಬೇರು ಕದಲಿದರೆ ಮುನಿಸಿಕೊಳ್ಳುವ ಬಳ್ಳಿ ಇದು, ಆದ್ದರಿಂದ ಬೆಳೆಯಬೇಕಾದ ಜಾಗದಲ್ಲೇ ಊರುವುದು ಒಳ್ಳೆಯದು.

ಕುಂಡಕ್ಕೆ ಬರೀ ಎರೆಮಣ್ಣು ತುಂಬಬೇಡಿ, ನೀರು ನಿಂತು ಬೇರು ಕೊಳೆಯುತ್ತದೆ. ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ. ಯೂರಿಯಾ ಖಂಡಿತ ಬೇಡ. ತೊಗರಿ, ಅವರೆಯ ಕುಲದ ಬಳ್ಳಿಯಾದ್ದರಿಂದ ಬೇರಿನ ಗಂಟುಗಳಲ್ಲೇ ಸಾರಜನಕ ಸಿಗುತ್ತದೆ. ಮೇಲೆ ಯೂರಿಯಾ ಸುರಿದರೆ ಎಲೆ ಸೊಕ್ಕುತ್ತದೆ, ಹೂ ಕಡಿಮೆಯಾಗುತ್ತದೆ. ಬಿಸಿಲು ಚೆನ್ನಾಗಿ ಬೇಕು, ಅದಕ್ಕಂತೂ ನಮ್ಮೂರಿನಲ್ಲಿ ಬರವಿಲ್ಲ.

ಬರುವವರು ಶನಿವಾರ ಸಂಜೆಯೊಳಗೆ ಇಲ್ಲಿ ಹೆಸರು ಬರೆಯಿರಿ. ಬಿಳಿ ಹೂವಿನ ಬೀಜವಿದ್ದವರು ದಯವಿಟ್ಟು ತನ್ನಿ. ಶುಭೋದಯದ ಚಿತ್ರಗಳನ್ನು ಎರಡು ದಿನ ತಡೆದರೆ ಹೆಸರುಗಳು ನನ್ನ ಕಣ್ಣಿಗೆ ಬೀಳುತ್ತವೆ.