ಸದಸ್ಯರ ಗಮನಕ್ಕೆ: ‘ಫಿಶ್‌ಬೋನ್’ ಅಸ್ಥಿರತೆಯ ಕುರಿತು

ಮಾನ್ಯ ಸದಸ್ಯರೇ,

ನಾಳೆಯ ಚರ್ಚೆಗೆ ಮುನ್ನ ಒಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಒಳಿತು. ‘ಫಿಶ್‌ಬೋನ್’ (ಮೀನಿನ ಮೂಳೆ) ಎಂಬುದು ಟೋಕಮಾಕ್‌ನಲ್ಲಿ, ಅಂದರೆ ಪರಮಾಣು ಸಮ್ಮಿಲನಕ್ಕಾಗಿ ಪ್ಲಾಸ್ಮಾವನ್ನು (ಅತಿ ಬಿಸಿಯಾದ ಅಯಾನೀಕೃತ ಅನಿಲವನ್ನು) ಕಾಂತಕ್ಷೇತ್ರದಿಂದ ಹಿಡಿದಿಡುವ ಉಂಗುರಾಕಾರದ ಯಂತ್ರದಲ್ಲಿ, ಏಳುವ ಒಂದು ಅಸ್ಥಿರತೆ; ಈ ಹೆಸರಿಗೂ ಯಂತ್ರದ ಆಕಾರಕ್ಕೂ ಸಂಬಂಧವಿಲ್ಲ. 1980ರ ದಶಕದ ಆರಂಭದಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿದ್ದ ಪಿಡಿಎಕ್ಸ್ ಎಂಬ ಟೋಕಮಾಕ್‌ನಲ್ಲಿ, ಪ್ಲಾಸ್ಮಾವನ್ನು ಕಾಯಿಸಲೆಂದು ವೇಗದ ತಟಸ್ಥ ಪರಮಾಣುಗಳ ಕಿರಣವನ್ನು ಕಾಂತಕ್ಷೇತ್ರಕ್ಕೆ ಹೆಚ್ಚುಕಡಿಮೆ ಲಂಬವಾಗಿ ಹಾಯಿಸಿದಾಗ, ಅಂಚಿನ ಸುರುಳಿಗಳಲ್ಲಿ ದಾಖಲಾದ ಕಾಂತೀಯ ಸಂಕೇತವು ಸಣ್ಣದಾಗಿ ಮೊದಲಾಗಿ, ನಡುವೆ ಉಬ್ಬಿ, ಮತ್ತೆ ಕುಗ್ಗುತ್ತ ಮೀನಿನ ಅಸ್ಥಿಪಂಜರದಂತೆಯೇ ಕಂಡಿತು. ಹೆಸರು ಬಂದದ್ದು ಅಲ್ಲಿಂದ.

ಕಿರಣದ ತಟಸ್ಥ ಪರಮಾಣುಗಳು ಪ್ಲಾಸ್ಮಾದೊಳಗೆ ಅಯಾನುಗಳಾಗುತ್ತವೆ (ವಿದ್ಯುದಾವೇಶ ಪಡೆಯುತ್ತವೆ). ಹೀಗೆ ಕಾಂತಕ್ಷೇತ್ರದಲ್ಲಿ ಸಿಲುಕಿದ ವೇಗದ ಅಯಾನುಗಳು ಉಂಗುರದ ಸುತ್ತ ನಿಧಾನವಾಗಿ ಸರಿಯುತ್ತಿರುತ್ತವೆ. ಈ ಸರಿತದ ಆವರ್ತನವು ಪ್ಲಾಸ್ಮಾದ ಒಡಲಿನ ತಿರುಚು ಕಂಪನದೊಡನೆ ಹೊಂದಿಕೊಂಡಾಗ, ಉಯ್ಯಾಲೆಯನ್ನು ಹದವರಿತು ತಳ್ಳಿದಂತೆ, ಅಯಾನುಗಳು ಕಂಪನಕ್ಕೆ ಶಕ್ತಿ ತುಂಬಿ ತಾವೇ ಹೊರಕ್ಕೆ ಎಸೆಯಲ್ಪಡುತ್ತವೆ. ಕಾಯಿಸಲು ಬಂದವರೇ ಮನೆ ಬಿಟ್ಟು ಹೋದಂತೆ!

ಜಲಜನಕದ ಭಾರದ ರೂಪಗಳಾದ ಡ್ಯೂಟೀರಿಯಂ ಮತ್ತು ಟ್ರಿಟಿಯಂಗಳ ಸಮ್ಮಿಲನದಲ್ಲಿ ಹುಟ್ಟುವ, 3.5 ಎಂಇವಿ (ಮೆಗಾ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯ ಆಲ್ಫಾ ಕಣಗಳ (ಹೀಲಿಯಂ ಬೀಜಗಳ) ವಿಷಯದಲ್ಲಿ ನನಗೆ ಇದಕ್ಕಿಂತ ಮುಖ್ಯವೆನಿಸುವುದು ಆಲ್ಫ್ವೆನ್ ಅಲೆಗಳು, ಅಂದರೆ ಪ್ಲಾಸ್ಮಾದಲ್ಲಿ ಕಾಂತಕ್ಷೇತ್ರದ ರೇಖೆಗಳು ತಂತಿಗಳಂತೆ ಕಂಪಿಸುವ ಅಲೆಗಳು. ಪ್ರಿನ್ಸ್‌ಟನ್‌ನದೇ ಟಿಎಫ್‌ಟಿಆರ್ ಯಂತ್ರದಲ್ಲಿ 1990ರ ದಶಕದಲ್ಲಿ, ಕಿರಣವನ್ನು ನಿಲ್ಲಿಸಿದ ಬಳಿಕ, ಆಲ್ಫಾ ಕಣಗಳೇ ಎಬ್ಬಿಸಿದ ಇಂತಹ ಅಲೆಗಳು ಕಂಡುಬಂದವು. ಫಿಶ್‌ಬೋನ್ ಮತ್ತು ಆಲ್ಫ್ವೆನ್ ಅಲೆಗಳೆರಡನ್ನೂ ಒಂದೇ ಎಂದು ಭಾವಿಸದೆ, ನಾಳೆ ಪ್ರತ್ಯೇಕವಾಗಿಯೇ ಪ್ರಶ್ನೆಗಳನ್ನು ಕಳುಹಿಸಬೇಕಾಗಿ ವಿನಂತಿ.