ದೊಡ್ಡದು ಅಂದರೆ ಎಷ್ಟು ದೊಡ್ಡದು?

ಪ್ರೀತಿಯ ತಮ್ಮಾ,

ನಿನ್ನ ಕತೆ ಎರಡು ಸಲ ಓದಿದೆ, ಜೊತೆಗಿದ್ದ ಕಾಗದ ಮೂರು ಸಲ. 'ನನ್ನ ಹತ್ತಿರ ಪದಗಳೇ ಇಲ್ಲ, ಬರೆಯೋದು ಬಿಡ್ತೀನಿ' ಅಂದಿದ್ದೀಯಲ್ಲ, ಅದನ್ನು ಓದಿ ರಾತ್ರಿ ನಿದ್ದೆ ಹತ್ತಲಿಲ್ಲ. ಕತೆ ಎಲ್ಲಿಗೆ ಕಳಿಸಬೇಕು, ಎಷ್ಟು ಪುಟ ಇರಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರಾದರೂ ಹೇಳುತ್ತಾರೆ, ಬಿಡು.

ಯಾರೋ ನಿನಗೆ 'ದೊಡ್ಡ' ಅನ್ನೋದು ಜಾಸ್ತಿಯಾಯ್ತು ಅಂದರಂತೆ. ನೀನು ನಿಘಂಟು ಹಿಡಿದು ಕೂತು ಒಂದು ಕಡೆ ಬೃಹತ್, ಇನ್ನೊಂದು ಕಡೆ ಭವ್ಯ, ಮತ್ತೊಂದು ಕಡೆ ಅಗಾಧ ತುಂಬಿದ್ದೀಯ. ಮಾರಾಯ, ಮೊದಲೇ ಚೆನ್ನಾಗಿತ್ತು! ದೀಪಾವಳಿಗೆ ನಮ್ಮ ಕಡೆ ದೊಡ್ಡಬ್ಬ ಅಂತಾರೆ. ಅದನ್ನು ಬೃಹತ್ ಹಬ್ಬ ಮಾಡ್ತೀಯಾ? ಜೋಗಕ್ಕೂ 'ಬೃಹತ್ ಜಲಪಾತ' ಅಂದಿದ್ದೀಯ. ನಿನ್ನ ಕತೆ ನಡೆಯೋದು ಏಪ್ರಿಲ್‌ನಲ್ಲಿ. ಜೋಗದ ಮೇಲಿನ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ಕಟ್ಟಿ ನಿಲ್ಲಿಸಿರುವ ಕಾಲ. ಜೋಗ ಆಗ ಬಂಡೆಗೆ ಅಂಟಿದ ನೂಲಿನ ಹಾಗೆ ಇಳಿಯುತ್ತಿರುತ್ತದೆ. ಬೀಳೋದು ಮಾತ್ರ ಅದೇ 830 ಅಡಿ. ಎತ್ತರ ಇದೆ, ಮೈ ಇಲ್ಲ. ಬೃಹತ್ ಅಂದ ಕೂಡಲೇ ಎರಡೂ ಅಳಿಸಿಹೋಯ್ತು, ಅಲ್ವಾ?

ಪದ ಬೇಕಾದರೆ ಮನೆಯಲ್ಲೇ ಇದೆ. ಹಿರಿದಾದ ಮರ ಹೆಮ್ಮರ ಅಂತ ಶಾಲೆಯಲ್ಲಿ ಉರು ಹೊಡೆದಿರುತ್ತೀಯ. ಹೆಬ್ಬಾಗಿಲು, ಹೆಬ್ಬಂಡೆ, ಹೆಜ್ಜೇನು ಎಲ್ಲ ಅದೇ ದಾರಿಯಲ್ಲಿ ಬಂದವು. ಹಿತ್ತಿಲ ಬಾಗಿಲು ಎಷ್ಟೇ ಅಗಲವಿದ್ದರೂ ಅದು ಹೆಬ್ಬಾಗಿಲು ಅನ್ನಿಸಿಕೊಳ್ಳುವುದಿಲ್ಲ. ಹೆಜ್ಜೇನು ಅಂದರೆ ನಮಗೆ ಗಾತ್ರಕ್ಕಿಂತ ಮೊದಲು ಕಂಬಳಿ ಹೊದ್ದು ಓಡಿದ್ದು ನೆನಪಾಗುತ್ತದೆ.

ನನ್ನ ಮೊದಲ ಕತೆಯಲ್ಲಿ ನಮ್ಮ ಮನೆಯನ್ನು 'ಹನ್ನೆರಡು ಅಂಕಣದ ಮನೆ' ಅಂತ ಬರೆದಿದ್ದೆ. ಕಂಬದಿಂದ ಕಂಬಕ್ಕೆ ಒಂದು ಅಂಕಣ. ಲೆಕ್ಕ ಹೇಳಿದರೆ ಸಾಕು, ಮಲೆನಾಡಿನವರಿಗೆ ಮನೆ ಕಣ್ಣಿಗೆ ಕಟ್ಟುತ್ತದೆ. ಪತ್ರಿಕೆಯ ಸಂಪಾದಕರೊಬ್ಬರು ಅದನ್ನು 'ಭವ್ಯ ಸೌಧ' ಮಾಡಿದರು. ಅಚ್ಚಾದ ಖುಷಿಯಲ್ಲಿ ನಾನು ಬಾಯಿ ಬಿಡಲಿಲ್ಲ. ಅಮ್ಮನಿಗೆ ಓದಿ ಹೇಳಿದೆ. 'ಯಾರ ಮನೆಯೋ ಅದು?' ಅಂದಳು. ಆ ಸಂಪಾದಕರ ಮೇಲಿನ ಸಿಟ್ಟು ಈಗಲೂ ಇಳಿದಿಲ್ಲ. ಸುಮ್ನೆ ಇದ್ದ ನನ್ನ ಮೇಲಿನ ಸಿಟ್ಟು ಅದಕ್ಕಿಂತ ಜಾಸ್ತಿ.

ನಿನ್ನ ನಾಲ್ಕನೇ ಪುಟದಲ್ಲಿ ಒಂದು ಸಾಲಿದೆ. ಅಜ್ಜಿ ಒಲೆ ಮುಂದಿಂದ ಎಷ್ಟು ಕೂಗಿದರೂ ಜಗುಲಿಯಲ್ಲಿ ಕೂತವರಿಗೆ ಕೇಳಿಸುತ್ತಿರಲಿಲ್ಲ ಅಂತ. ಅಲ್ಲಿ ದೊಡ್ಡ ಇಲ್ಲ, ಭವ್ಯ ಇಲ್ಲ. ಆ ಮನೆಯೊಳಗೆಲ್ಲ ನಾನು ಓಡಾಡಿ ಬಂದೆ. ಪದಗಳಿಲ್ಲ ಅಂತ ಅಳ್ತೀಯಲ್ಲ, ಇದನ್ನು ಬರೆದವರು ಯಾರು?

ಏಳನೇ ಪುಟದಲ್ಲಿ ಅಡಿಕೆ ಬೇಯಿಸುವ ಹಂಡೆ 'ಬೃಹದಾಕಾರದ ಪಾತ್ರೆ' ಆಗಿ ಕೂತಿದೆ. ಈಗ ಕೊಯ್ಲಿನ ಕಾಲ, ನಿಮ್ಮ ಅಂಗಳದಲ್ಲೇ ಒಲೆ ಉರಿಯುತ್ತಿರುತ್ತದೆ. ಹೋಗಿ ಪಕ್ಕದಲ್ಲಿ ನಿಲ್ಲು. ಸುಲಿದ ಅಡಿಕೆ ಎಷ್ಟು ಬುಟ್ಟಿ ಹಿಡಿಸುತ್ತದೆ, ಅದು ಬೇಯುವ ಚೊಗರು ನೀರು ಎಲ್ಲಿಯವರೆಗೆ ಉಕ್ಕುತ್ತದೆ, ಬೆಂದದ್ದನ್ನು ತೋಡುವವನ ಕೈ ತಳ ಮುಟ್ಟುತ್ತದಾ, ನೋಡು. ಆ ಒಂದು ಪುಟ ತಿದ್ದಿ ಕಳಿಸು. ಕಾಯುತ್ತಿರುತ್ತೇನೆ.

ಸಾಗರದಿಂದ,
ನಿನ್ನ ಅಣ್ಣ